ಅಸಲಿ ತಂಡ ವೇದಿಕೆಯಲ್ಲಿ ಹಾಡದ ಹಾಡು ‘ನಕಲಿ’ಯವರ ಬಾಯಲ್ಲಿ! ಏನಿದು ಟ್ರಿಬ್ಯೂಟ್ ಬ್ಯಾಂಡ್?

ಗಣೇಶನ ಪೆಂಡಾಲ್ ಮುಂದೆಯೋ ಜಾತ್ರೆ ಮೈದಾನದಲ್ಲೋ ರಸಮಂಜರಿ ಇದ್ದರೆ ‘ಜೂನಿಯರ್ ರಾಜ್‌ಕುಮಾರ್’, ‘ಜೂನಿಯರ್ ವಿಷ್ಣುವರ್ಧನ್’ ಬರಲೇಬೇಕು. ಅದೇ ನಡಿಗೆ, ಅದೇ ಮಾತಿನ ಧಾಟಿ, ಕೈಯಲ್ಲಿ ಅದೇ ಕಡಗ. ಅಸಲಿ ಅಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಶಿಳ್ಳೆ ನಿಲ್ಲಲ್ಲ. ಇಂಗ್ಲೆಂಡ್, ಅಮೆರಿಕದಲ್ಲಿ ಹಳೆಯ ರಾಕ್ ಹಾಡುಗಳಿಗೆ ಇದೇ ಕೆಲಸ ಮಾಡುವವರೇ ‘ಟ್ರಿಬ್ಯೂಟ್ ಬ್ಯಾಂಡ್’. ಇವರನ್ನು ನೋಡಲು ಜನ ದುಡ್ಡು ಕೊಟ್ಟು ಯಾಕೆ ಹೋಗ್ತಾರೆ?

ಆರ್ಕೆಸ್ಟ್ರಾಗೂ ಇದಕ್ಕೂ ಏನು ವ್ಯತ್ಯಾಸ?

ಆರ್ಕೆಸ್ಟ್ರಾದವರು ಹತ್ತಾರು ಗಾಯಕರ ಹಾಡು ಹಾಡುತ್ತಾರೆ. ಟ್ರಿಬ್ಯೂಟ್ ಬ್ಯಾಂಡ್‌ನಲ್ಲಿ ಇಡೀ ಸಂಜೆ ಒಂದೇ ತಂಡದ ಹಾಡು. ವೇಷ, ವಾದ್ಯ, ದನಿ ಎಲ್ಲವೂ ಆ ತಂಡದ್ದೇ ಇರಬೇಕು.

ಬೀಟಲ್ಸ್ ತಂಡವನ್ನೇ ತೆಗೆದುಕೊಳ್ಳಿ. ಟಿಕೆಟ್ ಇಟ್ಟು ಅವರು ಕೊನೆಯದಾಗಿ ಹಾಡಿದ್ದು 1966ರ ಆಗಸ್ಟ್ 29ರಂದು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಅಭಿಮಾನಿಗಳ ಕಿರುಚಾಟಕ್ಕೆ ಅಂದಿನ ಸ್ಪೀಕರ್‌ಗಳು ಸಾಲುತ್ತಿರಲಿಲ್ಲ, ತಾವು ಹಾಡಿದ್ದು ತಮಗೇ ಕೇಳುತ್ತಿರಲಿಲ್ಲ. ಬೇಸತ್ತು ಪ್ರವಾಸ ನಿಲ್ಲಿಸಿ ಸ್ಟುಡಿಯೋ ಸೇರಿದರು. ಮರುವರ್ಷ ಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ ಜಗತ್ತಿನಾದ್ಯಂತ ಹೆಸರು ಮಾಡಿತು. ಅದರ ಒಂದು ಹಾಡಿನ ರೆಕಾರ್ಡಿಂಗ್‌ಗೆ 40 ಜನ ವಾದ್ಯಗಾರರನ್ನು ಕೂರಿಸಿದ್ದರು. ಆದರೆ ಆ ಆಲ್ಬಮ್‌ನ ಒಂದು ಹಾಡನ್ನೂ ಬೀಟಲ್ಸ್ ವೇದಿಕೆ ಮೇಲೆ ಒಟ್ಟಾಗಿ ಹಾಡಲೇ ಇಲ್ಲ.

1970ರಲ್ಲಿ ತಂಡ ಒಡೆಯಿತು. ಜಾನ್ ಲೆನನ್ 1980ರಲ್ಲಿ, ಜಾರ್ಜ್ ಹ್ಯಾರಿಸನ್ 2001ರಲ್ಲಿ ತೀರಿಕೊಂಡರು. ಈಗ ನಾಲ್ವರು ಒಟ್ಟಿಗೆ ನಿಂತು ಆ ಹಾಡು ಹಾಡೋದನ್ನು ನೋಡಬೇಕು ಅಂದರೆ ‘ಬೂಟ್‌ಲೆಗ್ ಬೀಟಲ್ಸ್’ನಂಥ ತಂಡಗಳೇ ಗತಿ. 1980ರಲ್ಲಿ ಶುರುವಾದ ಇಂಗ್ಲೆಂಡಿನ ತಂಡ ಅದು.

ನೋಡುವಾಗ ಏನು ಗಮನಿಸಬೇಕು?

ವಿಗ್ಗು, ಕೋಟು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕಷ್ಟ ಇರೋದು ಕೈಯಲ್ಲಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಎಡಗೈಯವರು, ಗಿಟಾರ್ ಹಿಡಿಯೋದೇ ತಿರುಗುಮುರುಗು. ಡ್ರಮ್ಸ್‌ನ ರಿಂಗೋ ಸ್ಟಾರ್ ಕೂಡ ಹುಟ್ಟಾ ಎಡಗೈಯವರು, ಆದರೆ ಬಾರಿಸಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ಸ್. ಹಾಗಾಗಿ ಅವರ ಪೆಟ್ಟಿನ ವರಸೆಯೇ ಬೇರೆ. ಅದನ್ನು ಹಾಗೇ ತರಲು ವರ್ಷಗಟ್ಟಲೆ ಅಭ್ಯಾಸ ಬೇಕು.

ನಕಲಿಯೇ ಅಸಲಿಯಾದಾಗ

ಬೇರೆಯವರ ಹಾಡು ಹಾಡುತ್ತಲೇ ಅಸಲಿ ತಂಡ ಸೇರಿದವರೂ ಇದ್ದಾರೆ. ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೆಡಾ ಬಾಲ್ಯದಲ್ಲಿ ಮನಿಲಾದ ಬೀದಿಯಲ್ಲಿ ಮಲಗಿದ್ದವರು. ಮುಂದೆ ಅಲ್ಲಿನ ಕ್ಲಬ್‌ಗಳಲ್ಲಿ ಅಮೆರಿಕದ ‘ಜರ್ನಿ’ ಮುಂತಾದ ತಂಡಗಳ ಹಾಡು ಹಾಡುತ್ತಿದ್ದರು. 2007ರಲ್ಲಿ ಜರ್ನಿಯ ಗಿಟಾರ್ ವಾದಕ ನೀಲ್ ಶಾನ್ ಆ ವಿಡಿಯೋಗಳನ್ನು ಯೂಟ್ಯೂಬ್‌ನಲ್ಲಿ ನೋಡಿ ಕರೆಸಿಕೊಂಡರು. ಪಿನೆಡಾ ಜರ್ನಿಯ ಮುಖ್ಯ ಗಾಯಕರೇ ಆದರು.

ಹಾಡಿನ ಒಡೆಯನಿಗೆ ಏನು ಸಿಗುತ್ತೆ?

ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ಪಾಲು ಹೋಗಲೇಬೇಕು. ಇಂಗ್ಲೆಂಡಿನಲ್ಲಿ ಪಿಆರ್‌ಎಸ್ ಎಂಬ ಸಂಸ್ಥೆ ಲೈಸೆನ್ಸ್ ಹಣ ಪಡೆದು ಅವರಿಗೆ ಹಂಚುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ.

1957ರ ಕಾಪಿರೈಟ್ ಕಾಯ್ದೆಯ ಕಲಂ 52ರಲ್ಲಿ ವಿನಾಯಿತಿಗಳೂ ಇವೆ. ನಿಜವಾದ ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ, ಸರ್ಕಾರಿ ಸಮಾರಂಭ ಇದರಡಿ ಬರುತ್ತವೆ. ಹವ್ಯಾಸಿ ಸಂಘದವರು ಪುಕ್ಕಟೆ ಹಾಡಿದರೂ ವಿನಾಯಿತಿ ಉಂಟು. ಲಾಭಕ್ಕಾಗಿ ಟಿಕೆಟ್ ಮಾರುವ ಕಾರ್ಯಕ್ರಮ, ಗಿರಾಕಿಗಳಿಗಾಗಿ ಹಾಡು ಹಾಕುವ ಹೋಟೆಲ್, ಅಂಗಡಿ ಇದರಲ್ಲಿ ಬರಲ್ಲ.

ಹಾಗಾಗಿ ಆರ್ಕೆಸ್ಟ್ರಾ ಕರೆಸುವ ಕಮಿಟಿಯವರು ಅಡ್ವಾನ್ಸ್ ಕೊಡೋ ಮೊದಲೇ ಒಂದು ಮಾತು ಕೇಳಿ: ಹಾಡಿನ ಲೈಸೆನ್ಸ್ ಬೇಕಾ, ಬೇಕಿದ್ದರೆ ಮಾಡಿಸೋದು ಯಾರು? ಉತ್ತರವನ್ನು ಕರಾರಿನಲ್ಲೇ ಬರೆಸಿಕೊಂಡರೆ ಆಮೇಲೆ ತಕರಾರು ಇರಲ್ಲ.