ಫ್ರಿಜ್ ಹಿಂದಿನ ಒಣ ಟ್ರೇ

ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತವರಿಗೆ ಕೆಲಸ ಇರುವುದಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಆಧಾರ್ ಲಿಂಕ್ ಮಾಡುವುದು ನಾವು, ಕರೆಂಟ್ ಬಿಲ್ ಕಟ್ಟುವುದು ನಾವು, ಪಕ್ಕದ ಮನೆ ಕಾಕೂನ ಮೊಬೈಲ್‌ನಲ್ಲಿ ಗುಡ್ ಮಾರ್ನಿಂಗ್ ಫೋಟೊಗಳು ತುಂಬಿ ಜಾಗ ಇಲ್ಲದಂತಾದರೆ ಅದನ್ನು ಖಾಲಿ ಮಾಡುವುದೂ ನಾವೇ. ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಬೋರಗಾಂವದ ಮನೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದಿರುವ ನನ್ನ ಪಾಲಿಗೆ ಈ ಮಳೆಗಾಲದಲ್ಲಿ ಬಂದದ್ದು ಫ್ರಿಜ್.

ಏಳು ವರ್ಷದ ಹಳೆಯ ಡಬಲ್ ಡೋರ್ ಫ್ರಿಜ್ ಅದು. ಮೇಲೆ ಫ್ರೀಜರ್, ಕೆಳಗೆ ಉಳಿದದ್ದು. ಫ್ರೀಜರ್‌ನ ತಳದಲ್ಲಿ ಗಾಜಿನ ಹಾಳೆಯಂತೆ ಐಸ್ ಕಟ್ಟುತ್ತಿತ್ತು. ತುಪ್ಪ ಕಾಸಲು ಅವ್ವ ಕೂಡಿಡುವ ಕೆನೆಯ ಡಬ್ಬಿ ಅದಕ್ಕೆ ಅಂಟಿಕೊಂಡು, ಎಳೆದರೂ ಬರುತ್ತಿರಲಿಲ್ಲ. ಕೆಳಗೆ ನೋಡಿದರೆ ತರಕಾರಿ ಟ್ರೇ ಅಡಿಯಲ್ಲಿ ನೀರೋ ನೀರು. ಅವ್ವನ ಹತ್ತಿರ ಇದಕ್ಕೊಂದು ಮದ್ದಿತ್ತು: ರಾತ್ರಿ ಸ್ವಿಚ್ ಆಫ್ ಮಾಡುವುದು, ಬೆಳಿಗ್ಗೆ ಬಟ್ಟೆ ಹಿಂಡಿ ಹಿಂಡಿ ಒರೆಸುವುದು. ಎಂಟು ದಿನ ಆರಾಮ. ಒಂಬತ್ತನೇ ದಿನ ಮತ್ತೆ ಅದೇ ಕಥೆ.

ಬರೀ ಕೊತ್ತಂಬರಿ ಕೊಳೆಯುವ ಮಾತಾಗಿದ್ದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಫ್ರಿಜ್‌ನಲ್ಲಿ ಅಪ್ಪನ ಇನ್ಸುಲಿನ್ ಇರುತ್ತದೆ. ಒಂದು ಸಂಜೆ ಆ ಪೆಟ್ಟಿಗೆ ಕೈಗೆತ್ತಿಕೊಂಡರೆ ರಟ್ಟು ನೆನೆದು ಮೆತ್ತಗಾಗಿತ್ತು. ಮೇಲಿನಿಂದ ತೊಟ್ಟಿಕ್ಕಿದ ನೀರು. ನೋಡಲು ಬಂದ ಮಾಮಾ ಒಬ್ಬರು, 'ತಿರುವು ಪೂರ್ತಿ ತಿರುವಿಡವಾ, ಗಟ್ಟಿ ತಂಪಾದ್ರ ನೀರು ಎಲ್ಲಿಂದ ಬರತೈತಿ?' ಎಂದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ತೆರೆಯದ ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ, ಎಸೆಯಲೇಬೇಕು. ನೋಡಿದರೆ ಗೊತ್ತೂ ಆಗುವುದಿಲ್ಲ, ಶುಗರ್ ಏರಿದಾಗಲೇ ತಿಳಿಯುವುದು. ಮನೆಯಲ್ಲಿ ಇನ್ಸುಲಿನ್ ಇರುವವರು ಫ್ರಿಜ್‌ನ ತಿರುವನ್ನು ಸುಮ್ಮಸುಮ್ಮನೆ ಮುಟ್ಟಬಾರದು. ಪೆಟ್ಟಿಗೆಯನ್ನು ಹಿಂಬದಿಯ ಗೋಡೆಗೆ ತಾಗಿಸಿಯೂ ಇಡಬಾರದು.

ಮೆಕ್ಯಾನಿಕ್ ಬಂದರು, ಗಡಿಯ ಆಚೆಯವರು. ನಮ್ಮ ಕಡೆ ಇದೇನು ವಿಶೇಷವಲ್ಲ. ಔಷಧಕ್ಕೆ, ಬಟ್ಟೆಗೆ, ರಿಪೇರಿಗೆ ನದಿ ದಾಟಿದರೆ ಮಹಾರಾಷ್ಟ್ರ. ಬಾಗಿಲು ತೆರೆದರು, ಮುಚ್ಚಿದರು, 'ಗ್ಯಾಸ್ ಗೇಲಾ' ಎಂದರು. ಗ್ಯಾಸ್ ತುಂಬಲು ನಾಲ್ಕೂವರೆ ಸಾವಿರ. ಮರುವಾರ ಬರುತ್ತೇನೆಂದು ಹೋದವರು ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ದೂಧಗಂಗಾ ಏರಿತು. ಜೋರು ಮಳೆ ಹಿಡಿದರೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮುಳುಗುವುದು ಈ ಭಾಗದವರಿಗೆ ಪ್ರತಿ ವರ್ಷದ ಸುದ್ದಿ. ಆ ನಾಲ್ಕು ದಿನ ಸಿಕ್ಕಿದ್ದು ಒಳ್ಳೆಯದೇ ಆಯಿತು. ಯೋಚಿಸಲು ಪುರುಸೊತ್ತಾಯಿತು.

ನನಗೆ ಅಡ್ಡ ಬಂದದ್ದು ಒಂದೇ ಪ್ರಶ್ನೆ. ಅವ್ವನೇ ಅದನ್ನು ಮೊದಲು ಕೇಳಿದ್ದು: 'ಗ್ಯಾಸ್ ಹೋಗಿದ್ರ ಈ ಕೆನಿ ಹಿಂಗ್ ಕಲ್ಲ ಆದಂಗ್ ಹೆಂಗ್ ಆಗತೈತಿ?' ಎಷ್ಟು ಸರಿ! ಗ್ಯಾಸ್ ಸೋರಿದ ಫ್ರಿಜ್ ತಂಪು ಮಾಡುವುದಿಲ್ಲ. ನಮ್ಮದು ತಂಪು ಮಾಡುತ್ತಿತ್ತು, ಮಾಡಿದ ಮೇಲೆ ನೀರನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು.

ಇಲ್ಲಿ ಸ್ವಲ್ಪ ಒಳಗಿನ ವ್ಯವಸ್ಥೆ ಹೇಳಬೇಕು. ಫ್ರಾಸ್ಟ್ ಫ್ರೀ ಎಂದರೆ ಒಳಗೆ ಹಿಮವೇ ಕಟ್ಟುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಹಸಿ ಗಾಳಿ ಒಳಗೆ ಹೋಗುತ್ತದೆ. ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಆಚೆ ತಣ್ಣನೆಯ ಕಾಯಿಲ್ ಇದೆ, ಆ ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕೂರುತ್ತದೆ. ದಿನಕ್ಕೆ ಒಂದೆರಡು ಬಾರಿ, ನಮಗೆ ಗೊತ್ತೇ ಆಗದಂತೆ, ಕಾಯಿಲ್ ಕೆಳಗಿನ ಸಣ್ಣ ಹೀಟರ್ ಹೊತ್ತಿ ಆ ಹಿಮವನ್ನು ಕರಗಿಸುತ್ತದೆ. ನೀರು ಕೆಳಗಿನ ಕಾಲುವೆಗೆ ಬೀಳುತ್ತದೆ, ಅಲ್ಲಿಂದ ಬೆರಳು ಗಾತ್ರದ ತೂತು, ತೂತಿನಿಂದ ಹಿಂದಿನ ಗೋಡೆಯೊಳಗಿನ ಪೈಪು, ಪೈಪಿನಿಂದ ಕಂಪ್ರೆಸರ್ ಮೇಲಿನ ಟ್ರೇ. ಕಂಪ್ರೆಸರ್‌ನ ಬಿಸಿಗೆ ಟ್ರೇ ನೀರು ತಾನೇ ಆವಿಯಾಗಿ ಹೋಗುತ್ತದೆ. ಹೊಲಕ್ಕೆ ನೀರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ತುದಿ ಕಟ್ಟಿದರೆ ನೀರು ಬದು ಒಡೆದು ಹರಿಯುತ್ತದೆ. ಫ್ರೀಜರ್‌ನಲ್ಲಿ ಹಾಗೆ ಹರಿದ ನೀರು ತಳದಲ್ಲಿ ಮತ್ತೆ ಐಸ್ ಆಗುತ್ತದೆ, ಉಳಿದದ್ದು ಗಾಳಿಯ ದಾರಿ ಹಿಡಿದು ಕೆಳಗಿನ ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ತಪ್ಪು ಎಲ್ಲಿ? ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ನೋಡಲು ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದೆ. ಎಲ್ಲ ಕಡೆ ಬಿಗಿಯಾಗಿ ಹಿಡಿಯಿತು. ಅಲ್ಲದೆ ರಬ್ಬರ್ ಕೆಟ್ಟಿದ್ದರೆ ಹಿಮ ಬಾಗಿಲ ಕಡೆ ಹೆಚ್ಚು ಕಾಣಬೇಕು, ನಮ್ಮದು ಹಿಂದಿನ ಗೋಡೆಯ ಬುಡದಿಂದ ಶುರುವಾಗಿತ್ತು. ಹೀಟರ್ ಕೆಟ್ಟಿದೆಯೇ? ಕೆಟ್ಟಿದ್ದರೆ ಕಾಯಿಲ್ ಪೂರ್ತಿ ಹಿಮದಲ್ಲಿ ಹೂತು, ತಂಪು ಗಾಳಿ ಕೆಳಗೆ ಬಾರದೆ, ಹಾಲು ಒಡೆಯಬೇಕಿತ್ತು. ಹಾಲು ಚೆನ್ನಾಗಿಯೇ ಇತ್ತು. ಇನ್ನು ಉಳಿದದ್ದು ನೀರು ಹೋಗುವ ದಾರಿ.

ಇದನ್ನು ಖಾತ್ರಿ ಮಾಡಿಕೊಟ್ಟವರು ನಮ್ಮ ಓಣಿಯ ಆಶಾ ಅಕ್ಕ, ಅವರಿಗೇ ಗೊತ್ತಿಲ್ಲದೆ. 2024ರಲ್ಲಿ ಡೆಂಗಿ ಹೆಚ್ಚಾಗಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಸೊಳ್ಳೆ ಮರಿ ಹುಡುಕಿಕೊಂಡು ಮನೆಮನೆಗೆ ಬರುವವರು ಬ್ಯಾರೆಲ್, ಟೈರ್, ಕುಂಡದ ತಟ್ಟೆಯ ಜೊತೆಗೆ ಫ್ರಿಜ್ ಹಿಂದಿನ ಟ್ರೇಯನ್ನೂ ನೋಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಆ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನ. ಅಕ್ಕ ಬಗ್ಗಿ ಟಾರ್ಚ್ ಬಿಟ್ಟು, 'ನಿಮ್ಮ ಟ್ರೇ ಚಲೋ ಐತಿ ನೋಡವಾ, ಒಂದ್ ಹನಿ ನೀರಿಲ್ಲ, ಬರೀ ಧೂಳು' ಎಂದು ಹೊಗಳಿ ಹೋದರು.

ಹೊರಗೆ ಎಂಟು ದಿನದಿಂದ ಬಿಡದ ಮಳೆ. ಒಣಹಾಕಿದ ಬಟ್ಟೆ ಎರಡು ದಿನವಾದರೂ ಒಣಗುತ್ತಿಲ್ಲ. ಗಾಳಿಯಲ್ಲಿ ಇಷ್ಟು ತೇವ ಇರುವಾಗ, ದಿನಕ್ಕೆ ಮೂವತ್ತು ಸಲ ಬಾಗಿಲು ತೆರೆಯುವ ಫ್ರಿಜ್‌ನ ಟ್ರೇಯಲ್ಲಿ ಧೂಳು! ಬೇಸಿಗೆಯಾಗಿದ್ದರೆ ಸಂಶಯ ಬರುತ್ತಿರಲಿಲ್ಲ. ಮೇಲಿನಿಂದ ನೀರು ಇಳಿಯುತ್ತಲೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಪ್ಲಗ್ ಕಿತ್ತೆವು. ಸ್ವಿಚ್ ಆಫ್ ಅಲ್ಲ, ಪ್ಲಗ್ಗನ್ನೇ ಕೀಳಬೇಕು. ಆ ಹೀಟರ್‌ಗೆ ಹೋಗುವುದು ಮನೆಯ ಪೂರ್ತಿ ಕರೆಂಟ್. ಇನ್ಸುಲಿನ್ ಮಣ್ಣಿನ ಗಡಿಗೆ ಸೇರಿತು. ದೊಡ್ಡ ಗಡಿಗೆಯಲ್ಲಿ ಹಸಿ ಮರಳು, ಅದರೊಳಗೆ ಸಣ್ಣ ಗಡಿಗೆ, ಮೇಲೆ ಒದ್ದೆ ಬಟ್ಟೆ. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಹೊರಗೇ ಇಡಬಹುದು, ಬಿಸಿಲು ಸೆಕೆ ತಾಗಬಾರದು ಅಷ್ಟೇ. ಎಷ್ಟು ದಿನ, ಎಷ್ಟು ಡಿಗ್ರಿ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ. ಅಪ್ಪ ಆರು ವರ್ಷದಿಂದ ಆ ಚೀಟಿಯನ್ನು ಬಿಚ್ಚದೆ ಎಸೆಯುತ್ತಿದ್ದರು.

ತಮ್ಮ ಸ್ಕ್ರೂಡ್ರೈವರ್ ಹಿಡಿದು ಐಸ್ ಕುಟ್ಟಲು ಹೊರಟಿದ್ದ. ಅವನನ್ನು ತಡೆದೆ. ಫ್ರಿಜ್ ಹಿಂದಿನ ಸ್ಟಿಕರ್‌ನಲ್ಲಿ ಆರ್600ಎ ಎಂದು ಬರೆದಿತ್ತು, ಪಕ್ಕದಲ್ಲಿ ಬೆಂಕಿಯ ಚಿತ್ರ. ಅದು ಐಸೊಬ್ಯುಟೇನ್, ಸುಮಾರು ಸೊನ್ನೆಗಿಂತ 12 ಡಿಗ್ರಿ ಕೆಳಗೇ ಕುದಿಯುವ ಅನಿಲ, ನಮ್ಮ ಅಡುಗೆ ಸಿಲಿಂಡರ್‌ನ ಅನಿಲದ ದಾಯಾದಿ. ಕಾಯಿಲ್‌ನ ಪೈಪಿಗೆ ಒಂದು ಚುಚ್ಚು ಬಿದ್ದರೆ ಮೆಕ್ಯಾನಿಕ್ ಹೇಳಿದ್ದೇ ನಿಜವಾಗುತ್ತಿತ್ತು! ಚಾಕು, ಮೇಣದಬತ್ತಿ ಎರಡೂ ಬೇಡ.

ಹಿಂದಿನ ಹಲಗೆಯ ಸ್ಕ್ರೂಗಳು ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ಅಡಿ ಅಡಗಿದ್ದವು. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಂಡೆ. ಫ್ಯಾನಿನ ವೈರ್ ಕಳಚಿ ಹಲಗೆ ಈಚೆ ತಂದರೆ, ಕಾಯಿಲ್ ಮೇಲೆ ತೆಳ್ಳಗಿನ ಹಿಮ ಮಾತ್ರ, ಹೀಟರ್ ತನ್ನ ಕೆಲಸ ಮಾಡಿದೆ. ಆದರೆ ಕೆಳಗಿನ ಕಾಲುವೆ ತುಂಬ ಗಟ್ಟಿ ಐಸ್.

ಐಸ್ ಕರಗಿಸುವುದು ಎಷ್ಟು ಕಷ್ಟ ಎಂಬುದನ್ನು ಪಿಯುಸಿಯಲ್ಲಿ ಲೆಕ್ಕವಾಗಿ ಮಾಡಿದ್ದೆ, ಕೈಯಲ್ಲಿ ಅನುಭವಿಸಿದ್ದು ಅವತ್ತೇ. ಒಂದು ಕಿಲೊ ಐಸ್ ಕರಗಲು 334 ಕಿಲೊಜೂಲ್ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೊ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಕಾಲುವೆಯಲ್ಲಿ ಕಾಲು ಕಿಲೊ ಐಸ್ ಇದೆ ಎಂದುಕೊಂಡರೆ, 60 ಡಿಗ್ರಿ ಬಿಸಿನೀರು ಒಂದಿಷ್ಟೂ ಪೋಲಾಗದೆ ಕೆಲಸ ಮಾಡಿದರೂ 330 ಮಿಲಿ ಲೀಟರ್ ಬೇಕು. ಪೋಲಾಗುವುದನ್ನು ಸೇರಿಸಿದರೆ ಅದರ ಎರಡರಷ್ಟು. ಎಮ್ಮೆ ಕರುವಿಗೆ ಔಷಧ ಕುಡಿಸುವ 50 ಮಿಲಿ ಸಿರಿಂಜ್ ಮನೆಯಲ್ಲಿತ್ತು. ಅದನ್ನು ತೊಳೆದು, ಬಿಸಿನೀರು ಎಳೆದು ಎಳೆದು ಬಿಟ್ಟೆ. ಕುದಿಯುವ ನೀರಲ್ಲ, ಪ್ಲಾಸ್ಟಿಕ್ ಬಿರಿಯುತ್ತದೆ. ಹದಿನಾರನೇ ಸಿರಿಂಜಿಗೆ ತೂತು ಕಂಡಿತು.

ತೂತಿಗೆ ನೀರು ಬಿಟ್ಟರೆ ಎರಡು ಸಿರಿಂಜ್ ಇಳಿಯಿತು, ಮೂರನೆಯದು ವಾಪಸ್ ಮೇಲೆ ಬಂತು. ಅವ್ವನ ಎಂಟು ದಿನದ ಮದ್ದಿನ ಗುಟ್ಟು ಅಲ್ಲಿತ್ತು. ಐಸ್ ಕರಗಿದರೂ ಪೈಪಿನ ತಳ ತೆರೆದಿರಲಿಲ್ಲ. ಹನಿಹನಿಯಾಗಿ ಬಂದ ನೀರು ಪೈಪಿನಲ್ಲಿ ನಿಂತು, ಮೇಲಕ್ಕೇರಿ, ತೂತಿನ ಬಾಯಿಗೆ ಬಂದಾಗ ಹೆಪ್ಪುಗಟ್ಟುತ್ತಿತ್ತು. ನಾವು ಮೇಲೆ ನೋಡುತ್ತಿದ್ದ ಐಸ್ ಕೆಳಗಿನ ರೋಗದ ಬಾವು.

ಫ್ರಿಜ್ ಎಳೆದು ಹಿಂಬದಿಯ ಮುಚ್ಚಳ ಬಿಚ್ಚಿದೆವು. ಪೈಪಿನ ತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ಸಣ್ಣ ರಬ್ಬರ್ ತುಂಡು. ಒಳಗಿನ ನೀರು ಬಂದಾಗ ಅದರ ಸೀಳು ತೆರೆಯಬೇಕು, ಹೊರಗಿನ ಬಿಸಿ ಗಾಳಿ, ಇರುವೆ ಒಳಗೆ ಹೋಗದಂತೆ ಮುಚ್ಚಿಕೊಳ್ಳಬೇಕು. ನಮ್ಮದು ಕರಿ ಲೋಳೆ ತುಂಬಿ ತುಟಿ ಅಂಟಿಸಿಕೊಂಡು ಕೂತಿತ್ತು. ತೆಗೆದು, ಸೋಪು ಬಿಸಿನೀರಿನಲ್ಲಿ ತೊಳೆದು ಹಿಂಡಿದರೆ ಚಿಕ್ಕ ಉಗುರಿನಷ್ಟು ಹೊಲಸು. ನಾಲ್ಕೂವರೆ ಸಾವಿರದ ಗ್ಯಾಸ್ ಅಷ್ಟೇ. ಸಲೈನ್ ನಳಿಕೆ ಸಿರಿಂಜಿಗೆ ಸಿಕ್ಕಿಸಿ, ಅಡುಗೆ ಸೋಡಾ ಕದಡಿದ ಬಿಸಿನೀರನ್ನು ಮೇಲಿನಿಂದ ಪೈಪಿನೊಳಗೆ ಬಿಟ್ಟೆ. ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಕೂತಿದ್ದ ತಮ್ಮ 'ಬಂತು! ಅಕ್ಕಾ, ಬಂತು!' ಎಂದು ಕೂಗಿದ್ದಕ್ಕೆ ಕಾಕೂ ಹಿತ್ತಲಿನಿಂದ ಓಡಿ ಬಂದರು. ಸೇತುವೆ ಮೇಲೆ ನೀರು ಬಂತೇನೋ ಎಂದುಕೊಂಡಿದ್ದರಂತೆ.

ಒಂದು ಮಾತು ಸೇರಿಸುತ್ತೇನೆ. ಕೆಲವು ಫ್ರಿಜ್‌ಗಳಲ್ಲಿ ಕೆಳಗೆಲ್ಲ ಸರಿಯಿದ್ದರೂ ತೂತಿನ ಬಾಯಲ್ಲೇ ಐಸ್ ಕಟ್ಟುತ್ತದೆ. ಅದಕ್ಕೆಂದೇ ಹೀಟರ್‌ನಿಂದ ತೂತಿನೊಳಗೆ ಇಳಿಯುವ ಅಲ್ಯೂಮಿನಿಯಂ ಪಟ್ಟಿಯನ್ನು ಕೆಲವು ಕಂಪನಿಗಳೇ ಹಾಕಿರುತ್ತವೆ. ಹೀಟರ್‌ನ ಬಿಸಿ ಅದರ ಮೂಲಕ ಕೆಳಗಿಳಿದು ತೂತನ್ನು ತೆರೆದಿಡುತ್ತದೆ. ಇಲ್ಲದ ಕಡೆ ತಿಳಿದ ಮೆಕ್ಯಾನಿಕ್‌ಗಳು ದಪ್ಪ ತಾಮ್ರದ ತಂತಿ ಬಾಗಿಸಿ ಇಳಿಬಿಡುತ್ತಾರೆ. ನಮ್ಮದಕ್ಕೆ ಅದು ಬೇಕಾಗಲಿಲ್ಲ. ಹೀಟರ್ ಬದಲಿಸುವುದು, ನಿಜಕ್ಕೂ ಗ್ಯಾಸ್ ತುಂಬುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಅದಕ್ಕೆ ಎರಡು ವರ್ಷ ಕಲಿತು ಬಂದವರಿದ್ದಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡಿಷನಿಂಗ್ ಟೆಕ್ನಿಶಿಯನ್ ಟ್ರೇಡ್ ಇದೆ, ಹುಡುಗಿಯರೂ ಸೇರಬಹುದು. ನಮ್ಮ ಕಾಲೇಜಿನಲ್ಲಿ ಸುಪ್ತೋಷ್ಣದ ಸೂತ್ರ ಬಾಯಿಪಾಠ ಮಾಡಿದವರು ನೂರು ಜನ ಇದ್ದೆವು. ಮನೆಯ ಫ್ರಿಜ್‌ನ ನೀರು ಎಲ್ಲಿ ಹೋಗುತ್ತದೆ ಎಂದು ಒಬ್ಬ ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆಮೇಲೆ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. 'ಎರಡು ವರ್ಷ ಏನು ಮಾಡಿದಿರಿ?' ಎಂಬ ಆ ಪ್ರಶ್ನೆ ಬಂತು, ನಮ್ಮಂಥವರ ಗಂಟಲು ಒಣಗುವುದೇ ಅಲ್ಲಿ. ನಾನು ಫ್ರಿಜ್ ಕಥೆ ಹೇಳಿದೆ. ಗ್ಯಾಸ್ ಅಲ್ಲ ಎಂದು ಹೇಗೆ ಗೊತ್ತಾಯಿತು, ಹೀಟರ್ ಅಲ್ಲ ಎಂದು ಹೇಗೆ, ಒಣ ಟ್ರೇ ಏನು ಹೇಳಿತು ಎಂದು ಒಂದೊಂದಾಗಿ. ಎದುರು ಕೂತವರು ಮಧ್ಯೆ ತಡೆದು, ತಮ್ಮ ಮನೆಯ ಫ್ರಿಜ್ ಕೆಳಗೂ ನೀರು ನಿಲ್ಲುತ್ತದೆ, ಟ್ರೇ ಎಲ್ಲಿರುತ್ತದೆ ಎಂದು ಕೇಳಿದರು. ಕೆಲಸದ ಫಲಿತಾಂಶ ಇನ್ನೂ ಬಂದಿಲ್ಲ.

ಓಣಿಯಲ್ಲಿ ಮಾತ್ರ ಬೇಡಿಕೆ ಏರಿದೆ. ಈವರೆಗೆ ಮೂರು ಮನೆಗೆ ಹೋಗಿ ಬಂದೆ. ಒಂದರಲ್ಲಿ ಸಿಂಗಲ್ ಡೋರ್ ಫ್ರಿಜ್, ಅದಕ್ಕೆ ತಾನಾಗಿ ಕರಗಿಸುವ ಹೀಟರ್ ಇರುವುದಿಲ್ಲ, ನಾವೇ ಡಿಫ್ರಾಸ್ಟ್ ಬಟನ್ ಒತ್ತಬೇಕು. ತಿರುವಿನ ನಡುವಿನ ಆ ಬಟನ್ ಯಾತಕ್ಕೆ ಎಂದು ನಾಲ್ಕು ವರ್ಷದಿಂದ ಆ ಮನೆಯವರಿಗೆ ತಿಳಿದಿರಲಿಲ್ಲ. ಇನ್ನೊಂದರಲ್ಲಿ ಕೆಳಗಿನ ಭಾಗದ ತೂತಿಗೆ ಕರಿಬೇವಿನ ಎಲೆ ಸಿಕ್ಕಿತ್ತು. ಮೂರನೆಯದು ಕಾಕೂನದು, ಅವರ ಪೈಪು ಸರಿಯಾಗಿಯೇ ಇತ್ತು. ಟ್ರೇಯಲ್ಲಿ ಎರಡು ಬೆರಳು ನೀರು, ನೀರಿನಲ್ಲಿ ಕುಣಿಯುವ ಹುಳಗಳು. ಪ್ಲಗ್ ಕಿತ್ತು, ಟ್ರೇ ಬಿಡಿಸಿ, ಆ ನೀರನ್ನು ಮೋರಿಗೆ ಹಾಕದೆ ಜಗುಲಿಯ ಒಣ ಮಣ್ಣಿಗೆ ಸುರಿದೆವು. ಮೋರಿಯಲ್ಲಿ ಅವು ಬದುಕಿಬಿಡುತ್ತವೆ. ಟ್ರೇ ತಿಕ್ಕಿ ಮತ್ತೆ ಸಿಕ್ಕಿಸುವಾಗ ಕಾಕೂ ಕೇಳಿದರು, 'ಮುಂದಿನ ಸೋಮವಾರನೂ ಬರ್ತೀ ಏನವಾ?'