ಮುಷ್ಟಿಯಾಗುವ ಅಂಗೈ

ಕೀನೂ ರೀವ್ಸ್ ಮೊದಲ ಬಾರಿಗೆ ನಿರ್ದೇಶಿಸಿದ ‘ಮ್ಯಾನ್ ಆಫ್ ತೈ ಚಿ’ 2013ರಲ್ಲಿ ತೆರೆಗೆ ಬಂದು, ಗಲ್ಲಾಪೆಟ್ಟಿಗೆಯಲ್ಲಿ ಸೋತು, ಬೇಗನೆ ಮರೆಯಾಯಿತು. ಕತೆ ಹಳೆಯದೇ. ಬೀಜಿಂಗಿನ ಕೊರಿಯರ್ ಹುಡುಗ ಟೈಗರ್ ಚೆನ್ ತನ್ನ ತೈ ಚಿ ಗುರುವಿನ ದೇಗುಲವನ್ನು ಉಳಿಸಿಕೊಳ್ಳಲು ಹಣ ಬೇಕಾಗಿ, ಸಿರಿವಂತರು ಕದ್ದು ನೋಡುವ ಅಕ್ರಮ ಕಾಳಗಗಳಿಗೆ ಇಳಿಯುತ್ತಾನೆ. ಆದರೆ ಈ ಹುಡುಗ ಕೆಡುವುದನ್ನು ಚಿತ್ರ ಮಾತಿನಲ್ಲಿ ಹೇಳುವುದಿಲ್ಲ, ಅವನ ಹೊಡೆದಾಟದಲ್ಲೇ ತೋರಿಸುತ್ತದೆ. ಅದಕ್ಕಾಗಿಯೇ ಇದು ನನಗೆ ಅಚ್ಚುಮೆಚ್ಚು.

ಇದನ್ನು ಕಾಣಬೇಕಾದರೆ ತೈ ಚಿಯ ಬಗ್ಗೆ ಒಂದಿಷ್ಟು ತಿಳಿದಿರಬೇಕು. ಉದ್ಯಾನಗಳಲ್ಲಿ ಹಿರಿಯರು ನಿಧಾನವಾಗಿ ಮಾಡುವ ವ್ಯಾಯಾಮ ಅದರ ಒಂದು ಮುಖ ಮಾತ್ರ. ಮೂಲದಲ್ಲಿ ಅದು ಕಾಳಗದ ವಿದ್ಯೆ. ಎದುರಾಳಿಯ ಬಲಕ್ಕೆ ಇಲ್ಲಿ ಬಲ ಒಡ್ಡುವುದಿಲ್ಲ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ, ಸೊಂಟ ತಿರುಗುತ್ತದೆ, ಬಂದ ಏಟು ಪಕ್ಕಕ್ಕೆ ಹರಿದುಹೋಗುತ್ತದೆ. ಹೊಡೆದವನು ತನ್ನ ರಭಸಕ್ಕೇ ಮುಗ್ಗರಿಸುತ್ತಾನೆ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ನಿಂತು, ಮತ್ತೊಬ್ಬನ ಬಲ ಯಾವ ಕಡೆಗೆ ಹೊರಳುತ್ತಿದೆ ಎಂದು ಚರ್ಮದಿಂದಲೇ ಅರಿಯುವ ಅಭ್ಯಾಸವೂ ಇದರಲ್ಲಿದೆ.

ಮೊದಲ ಪಂದ್ಯಗಳಲ್ಲಿ ಟೈಗರ್ ಚೆನ್ ಹೀಗೆಯೇ ಆಡುತ್ತಾನೆ: ಬಿಚ್ಚಿದ ಅಂಗೈ, ದುಂಡನೆಯ ಚಲನೆ. ಮುಂದೆ ಹಣ ಬರತೊಡಗಿದಂತೆ ವೃತ್ತಗಳು ಕಿರಿದಾಗುತ್ತವೆ. ಅಂಗೈ ಮುಷ್ಟಿಯಾಗುತ್ತದೆ. ಎದುರಾಳಿ ಬರುವವರೆಗೆ ಕಾಯುತ್ತಿದ್ದವನು ತಾನೇ ಮೇಲೆ ಬೀಳುತ್ತಾನೆ, ಸೋತವನನ್ನೂ ಬಿಡುವುದಿಲ್ಲ. ಇಷ್ಟು ಬದಲಾವಣೆಯನ್ನು ಬರೀ ಪಟ್ಟುಗಳಲ್ಲಿ ಹೆಣೆದವರು ಯುಯೆನ್ ವೂ-ಪಿಂಗ್. 1978ರಲ್ಲಿ ಜಾಕಿ ಚಾನ್‌ರ ‘ಡ್ರಂಕನ್ ಮಾಸ್ಟರ್’ ನಿರ್ದೇಶಿಸಿದವರು, 1999ರ ‘ದಿ ಮೇಟ್ರಿಕ್ಸ್’ನ ಹೊಡೆದಾಟಗಳನ್ನು ಕಟ್ಟಿದವರು ಇವರೇ. ಆ ಚಿತ್ರದಲ್ಲಿ ನಟಿಸಿದ ರೀವ್ಸ್‌ಗೆ ಅದೇ ತಂಡದಲ್ಲಿ ಗೆಳೆಯನಾದವನು ನಟ ಟೈಗರ್ ಚೆನ್. ಇಲ್ಲಿ ತನ್ನದೇ ಹೆಸರಿನ ಪಾತ್ರ ಮಾಡಿದ್ದಾನೆ. ನಟನೆಗೆ ಆತನ ಮುಖ ಅಷ್ಟೇನೂ ಒದಗುವುದಿಲ್ಲ, ನಿಜ. ದೇಹ ಒದಗುತ್ತದೆ. ಬೆಳೆಯುವ ಸಿಟ್ಟು ಮೊದಲು ಕಾಣಿಸುವುದು ಅವನ ಭುಜಗಳಲ್ಲಿ.

ರೀವ್ಸ್‌ನ ಜಾಣತನ ಅಡ್ಡ ಬಾರದೆ ಇರುವುದರಲ್ಲಿದೆ. ಪೆಟ್ಟಿಗೊಂದು ಕತ್ತರಿ ಹಾಕಿ ವೇಗದ ಭ್ರಮೆ ಹುಟ್ಟಿಸುವ ಚಾಳಿ ಇಲ್ಲಿಲ್ಲ. ಕ್ಯಾಮೆರಾ ದೂರ ನಿಂತು ತಲೆಯಿಂದ ಪಾದದವರೆಗೆ ಇಡೀ ಆಳನ್ನು ತೋರಿಸುತ್ತದೆ. ತೈ ಚಿಯ ಬಲ ಹುಟ್ಟುವುದು ನೆಲ ಮೆಟ್ಟಿದ ಕಾಲಿನಲ್ಲಿ. ಕಾಲು ಕಾಣದಿದ್ದರೆ ಅರ್ಧ ಕತೆಯೇ ಕಾಣದು.

ನನ್ನ ಮಟ್ಟಿಗೆ ಅತ್ಯುತ್ತಮ ಕಾಳಗ ಗುರು-ಶಿಷ್ಯರದು. ಗುರುವಿನ ಪಾತ್ರ ಮಾಡಿದ ಯು ಹಾಯ್ ನಿಜ ಜೀವನದಲ್ಲೂ ಕಾಳಗದ ವಿದ್ಯೆಗಳಲ್ಲಿ ಪಳಗಿದ ಗುರುವಾಗಿದ್ದರು. 1982ರ ‘ಶಾವೊಲಿನ್ ಟೆಂಪಲ್’ನಲ್ಲಿ ಜೆಟ್ ಲೀ ಜತೆ ನಟಿಸಿದವರು. ಶಿಷ್ಯ ನುಗ್ಗಿದಷ್ಟೂ ಈ ಹಿರಿಯ ಸಾವಧಾನದಿಂದ ಸರಿದು ಜಾಗ ಕೊಡುತ್ತಾರೆ. ಶಿಷ್ಯ ಕಳೆದುಕೊಂಡದ್ದು ಏನೆಂದು ಆ ಸರಿಯುವಿಕೆಯಲ್ಲೇ ತಿಳಿಯುತ್ತದೆ.

ಕೊರತೆಗಳೂ ಇವೆ. ‘ದಿ ರೇಡ್’ನ ಇಕೊ ಉವೈಸ್‌ನಂಥ ಪ್ರಚಂಡನನ್ನು ಕರೆತಂದು ಪೂರ್ತಿ ಕಾಳಗ ಕೊಡದೆ ಕಳಿಸಿದ್ದು ಅನ್ಯಾಯ. ಖಳನ ಪಾತ್ರವನ್ನೂ ತಾನೇ ಮಾಡಿದ ರೀವ್ಸ್‌ನ ನಟನೆ ಮರಗಟ್ಟಿದೆ ಎಂದವರಿದ್ದಾರೆ. ಕೊನೆಯ ಕಾಳಗಕ್ಕೆ ಆ ಬಿಗಿತವೇ ಬೇಕಿತ್ತೆಂದು ನಾನು ವಾದಿಸುತ್ತೇನೆ: ನೆಟ್ಟಗೆ ನಿಂತು ಉದ್ದುದ್ದ ತೋಳು ಬೀಸುವ ಅವನೆದುರು ಟೈಗರ್‌ನ ಅಂಗೈ ಮತ್ತೆ ಬಿಚ್ಚಿಕೊಳ್ಳಲು ಕಾರಣ ಸಿಗುತ್ತದೆ.