ಲಂಡನ್ ಷೇರುಪೇಟೆ: ವಿಂಡೋಸ್ ಬಿಟ್ಟು ಲಿನಕ್ಸ್ ಹಿಡಿದದ್ದೇಕೆ?

2008ರ ಸೆಪ್ಟೆಂಬರ್ 8, ಸೋಮವಾರ. ಸಂಕಷ್ಟದಲ್ಲಿದ್ದ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಗೃಹಸಾಲ ಸಂಸ್ಥೆಗಳನ್ನು ವಶಕ್ಕೆ ತೆಗೆದುಕೊಳ್ಳುವುದಾಗಿ ಅಮೆರಿಕ ಸರ್ಕಾರ ಹಿಂದಿನ ದಿನವಷ್ಟೇ ಪ್ರಕಟಿಸಿತ್ತು. ವಿಶ್ವದ ಷೇರುಪೇಟೆಗಳು ಗರಿಗೆದರಿದ್ದವು. ಆದರೆ ಲಂಡನ್ ಷೇರು ವಿನಿಮಯ ಕೇಂದ್ರದಲ್ಲಿ ಸುಮಾರು ಏಳು ಗಂಟೆ ಕಾಲ ವಹಿವಾಟು ಸ್ತಬ್ಧವಾಗಿತ್ತು. ಭರಾಟೆಯ ದಿನದಂದೇ ದಲಾಳಿಗಳು ಕೈಕಟ್ಟಿ ಕೂರಬೇಕಾಯಿತು.

ಅಂದು ಕೈಕೊಟ್ಟದ್ದು 'ಟ್ರೇಡ್‌ಎಲೆಕ್ಟ್' ವ್ಯವಸ್ಥೆ. ಮೈಕ್ರೋಸಾಫ್ಟ್‌ನ ವಿಂಡೋಸ್ ಸರ್ವರ್ ಹಾಗೂ ಡಾಟ್ ನೆಟ್ ತಂತ್ರಜ್ಞಾನವನ್ನು ಆಧರಿಸಿದ್ದ ಇದು 2007ರ ಜೂನ್‌ನಲ್ಲಿ ಜಾರಿಗೆ ಬಂದಿತ್ತು.

ವಿದ್ಯುನ್ಮಾನ ಷೇರುಪೇಟೆಯ ಹೃದಯವೆಂದರೆ ಕೊಳ್ಳುವ ಮತ್ತು ಮಾರುವ ಬೇಡಿಕೆಗಳನ್ನು ಹೊಂದಿಸುವ ತಂತ್ರಾಂಶ. ಒಂದೇ ಬೆಲೆಗೆ ಇಬ್ಬರು ಕೇಳಿದರೆ ಮೊದಲು ಬಂದವರಿಗೆ ಆದ್ಯತೆ. ಗಣಕಯಂತ್ರಗಳೇ ವಹಿವಾಟು ನಡೆಸುವಾಗ ಸೆಕೆಂಡಿನ ಸಾವಿರದ ಒಂದು ಭಾಗವೂ ದೀರ್ಘ ಕಾಲವೇ. 2007ರ ನವೆಂಬರ್‌ನಲ್ಲಿ ಜಾರಿಯಾದ ಯುರೋಪಿನ ಹೊಸ ನಿಯಮಗಳು ಪ್ರತಿಸ್ಪರ್ಧಿಗಳಿಗೆ ಬಾಗಿಲು ತೆರೆದಿದ್ದವು. 'ಚೈ-ಎಕ್ಸ್'ನಂತಹ ವೇಗದ ಪೇಟೆಗಳು ಲಂಡನ್‌ನ ವಹಿವಾಟನ್ನು ಕಸಿಯತೊಡಗಿದವು.

ಲಿನಕ್ಸ್‌ನ ಅನುಕೂಲ ಇಲ್ಲಿಯೇ ಇದೆ. ಇದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಬೇಡವಾದ ಸೇವೆಗಳನ್ನು ಕಿತ್ತುಹಾಕಿ, ಸಂಸ್ಕಾರಕದ ಒಂದು ಭಾಗವನ್ನು ಬೇಡಿಕೆ ಹೊಂದಿಸುವ ಕೆಲಸಕ್ಕೆಂದೇ ಮೀಸಲಿಡಬಹುದು. ವಿಳಂಬವೆಲ್ಲಿ ಎಂಬುದನ್ನು ಸ್ವಂತ ತಂತ್ರಜ್ಞರೇ ಶೋಧಿಸಬಹುದು. ಷಿಕಾಗೊ ಮತ್ತು ನ್ಯೂಯಾರ್ಕ್ ಪೇಟೆಗಳು ಮೊದಲೇ ಈ ಹಾದಿ ಹಿಡಿದಿದ್ದವು.

2009ರಲ್ಲಿ ಲಂಡನ್ ಕೇಂದ್ರವು ಶ್ರೀಲಂಕಾದ 'ಮಿಲೇನಿಯಂ ಐಟಿ' ಸಂಸ್ಥೆಯನ್ನೇ 3 ಕೋಟಿ ಡಾಲರ್‌ಗೆ ಖರೀದಿಸಿತು. ಆ ಸಂಸ್ಥೆಯ ತಂತ್ರಾಂಶ ಲಿನಕ್ಸ್ ಮೇಲೆ ಓಡುತ್ತಿತ್ತು. ಮೊದಲಿಗೆ 2010ರ ಅಕ್ಟೋಬರ್‌ನಲ್ಲಿ ತನ್ನ ಅಂಗಪೇಟೆ 'ಟರ್ಕಾಯ್ಸ್'ನಲ್ಲಿ ಅದನ್ನು ಅಳವಡಿಸಲಾಯಿತು. ಅಲ್ಲಿ ಬೇಡಿಕೆಯೊಂದಕ್ಕೆ ತಗುಲಿದ ಸರಾಸರಿ ಸಮಯ ಸುಮಾರು 126 ಮೈಕ್ರೋಸೆಕೆಂಡ್. ಟ್ರೇಡ್‌ಎಲೆಕ್ಟ್‌ಗೆ ಮಿಲಿಸೆಕೆಂಡುಗಳೇ ಬೇಕಾಗುತ್ತಿದ್ದವು. 2011ರ ಫೆಬ್ರವರಿ 14ರಂದು ಮುಖ್ಯ ಪೇಟೆಯೂ ಹೊಸ ವ್ಯವಸ್ಥೆಗೆ ಬದಲಾಯಿತು.

ಹಾಗೆಂದು ಲಿನಕ್ಸ್ ಸರ್ವರೋಗಕ್ಕೂ ಮದ್ದಲ್ಲ. ಬದಲಾವಣೆಯಾದ ಹನ್ನೊಂದನೇ ದಿನ, ಫೆಬ್ರವರಿ 25ರಂದು, ವಹಿವಾಟು ಮತ್ತೆ ನಾಲ್ಕು ಗಂಟೆ ನಿಂತಿತು. ಕಾರ್ಯಾಚರಣೆ ವ್ಯವಸ್ಥೆ ಎಷ್ಟೇ ಗಟ್ಟಿಯಾಗಿದ್ದರೂ ಅದರ ಮೇಲೆ ಓಡುವ ತಂತ್ರಾಂಶವೂ ಅಷ್ಟೇ ಗಟ್ಟಿಯಾಗಿರಬೇಕು. ಲಿನಕ್ಸ್ ಮುಕ್ತವಾದರೂ ಮಿಲೇನಿಯಂನ ವಹಿವಾಟು ತಂತ್ರಾಂಶ ಮುಕ್ತವಲ್ಲ; ಅದು ಸಂಸ್ಥೆಯ ಸ್ವಂತ ಸೊತ್ತು.

ಲಂಡನ್‌ಗೆ ದೊರೆತ ನಿಜವಾದ ಲಾಭವೂ ಈ ಒಡೆತನವೇ. ಅನ್ಯರ ತಂತ್ರಜ್ಞಾನಕ್ಕೆ ಹಣ ತೆರುತ್ತಿದ್ದ ಕೇಂದ್ರ, ತಾನೇ ತಂತ್ರಾಂಶ ಮಾರುವ ಸಂಸ್ಥೆಯಾಯಿತು. 2012ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಷೇರುಪೇಟೆಯೂ ಟ್ರೇಡ್‌ಎಲೆಕ್ಟ್ ತೊರೆದು ಇದೇ ವ್ಯವಸ್ಥೆಯನ್ನು ಒಪ್ಪಿಕೊಂಡಿತು.